ಗೆರೆಯವರೆಗೆ ತುಂಬಿಸಿದ್ದು

ಶುಕ್ರವಾರ, ಹದಿನಾರನೆಯ ತಾರೀಖು
ಬೆಳಗ್ಗೆ

ನನ್ನ ಗುಬ್ಬಿಗೆ,

ನಲವತ್ತು ದಾಟಿದ ಉಪಾಧ್ಯಾಯಿನಿಯನ್ನು ಹೀಗೆ ಕರೆಯುವುದು ಉಚಿತವಲ್ಲವೆಂದು ಬಲ್ಲೆ. ಇಂದು ಬೇರೆ ಯಾವ ಸಂಬೋಧನೆಯೂ ಕೈಗೆ ಹತ್ತಲಿಲ್ಲ.

ಮೊದಲು ಕ್ಷಮೆ ಕೇಳುತ್ತೇನೆ. ಕಳೆದ ಶುಕ್ರವಾರದ ಪತ್ರದಲ್ಲಿ 'ಆರನೆಯ ತಾರೀಖು ಸೋಮವಾರ' ಎಂದು ಬರೆದಿದ್ದೆ. ಆರನೆಯ ತಾರೀಖು ಮಂಗಳವಾರ. ಕ್ಯಾಲೆಂಡರು ಎದುರಿನ ಗೋಡೆಯಲ್ಲೇ ತೂಗುತ್ತಿರುವಾಗ ಅಪ್ಪ ಹೇಗೆ ಎಡವಿದರೆಂದು ನೀನು ನಕ್ಕಿರಬೇಕು. ನಗುವ ಹಕ್ಕು ನಿನಗಿದೆ. ಹಾಸ್ಟೆಲಿನಿಂದ ನೀನು ಬರೆಯುತ್ತಿದ್ದ ಪತ್ರಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಮರಳಿಸುತ್ತಿದ್ದವನು ನಾನು. ಜ್ವರ ಬಂದಿದೆಯೆಂದು ಬರೆದ ಪತ್ರವನ್ನೂ ಬಿಟ್ಟಿರಲಿಲ್ಲ. ಅಂಥವನ ಕೈಯಿಂದ ವಾರವೇ ತಪ್ಪಿತೆಂದರೆ ಅವನ ಮನಸ್ಸು ಕಾಗದದ ಮೇಲೆ ಇರಲಿಲ್ಲವೆಂದೇ ಅರ್ಥ.

ಇರಲಿಲ್ಲ ಮಗಳೇ. ಆ ಪತ್ರದಲ್ಲಿ ತಪ್ಪಿರುವುದು ವಾರವೊಂದೇ ಅಲ್ಲ.

ಇದನ್ನು ಫೋನಿನಲ್ಲಿ ಹೇಳಲಾರೆ. ಫೋನು ಇರುವುದು ನಿನ್ನ ತಾಯಿಯ ಹೊಲಿಗೆ ಯಂತ್ರದ ಮೇಲೆ. ಅವಳು ಇರುವುದೂ ಅಲ್ಲೇ. ಅವಳಿಗೆ ಇನ್ನೂ ಏನೂ ತಿಳಿದಿಲ್ಲ. ಕೆಳಮನೆಯ ಬಸ್ ಚಾಲಕರು ನಾಳೆ ನಿಮ್ಮೂರಿಗೆ ಬಸ್ಸು ತರುವವರಿದ್ದಾರೆ. ಅವರ ಕೈಯಲ್ಲಿ ಈ ಪತ್ರವನ್ನು ಕಳಿಸುತ್ತೇನೆ. ಶಾಲೆಯ ಗಲಾಟೆಯಲ್ಲಿ ಒಡೆಯಬೇಡ. ಮನೆಗೆ ಹೋಗಿ ಕುಳಿತು ಓದು.

ಮೂರು ತಿಂಗಳ ಹಿಂದೆ ಅವಳ ಪಾದಗಳು ಊದಿಕೊಂಡದ್ದು, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರಪಿಂಡಗಳಿಂದ ಸೋರಿ ಹೋಗುತ್ತಿದೆಯೆಂದು ವೈದ್ಯೆ ಹೇಳಿದ್ದು, ಮಾತ್ರೆ ಆರಂಭಿಸಿದ್ದು, ಇಷ್ಟೂ ನಿನಗೆ ಗೊತ್ತು. (ಪ್ರೋಟೀನಿಗೆ 'ಸಸಾರಜನಕ' ಎಂಬ ಒಳ್ಳೆಯ ಮಾತಿದೆ. ಪ್ರಯೋಗಾಲಯದ ಕೌಂಟರಿನಲ್ಲಿ ಆ ಮಾತನ್ನು ಬಳಸಿ ನೋಡಿದೆ. ಅಲ್ಲಿದ್ದಾಕೆ ಅದು ಬೇರೆ ಯಾವುದೋ ಪರೀಕ್ಷೆಯೆಂದು ಪಟ್ಟಿಯಲ್ಲಿ ಹುಡುಕತೊಡಗಿದಳು. ನಮ್ಮ ಹಿಂದಿದ್ದವರು ಗೊಣಗಿದರು. ನಿನ್ನ ತಾಯಿ ನನ್ನ ಮೊಣಕೈ ಹಿಂಡಿದಳು. ಪ್ರೋಟೀನು ಎಂದೇ ಬರೆಯುತ್ತೇನೆ.) ಮಾತ್ರೆ ನಾಟಿದೆಯೋ ಇಲ್ಲವೋ ಎಂದು ತಿಳಿಯಲು ಇಡೀ ಒಂದು ದಿನದ ಮೂತ್ರವನ್ನು ಕೂಡಿಡಬೇಕಿತ್ತು. ಸೋಮವಾರ ಬೆಳಗಿನ ಮೊದಲನೆಯದನ್ನು ಬಿಟ್ಟುಬಿಡುವುದು. ಅಲ್ಲಿಂದ ಮುಂದಿನದೆಲ್ಲವೂ, ಮಂಗಳವಾರ ಬೆಳಗಿನ ಮೊದಲನೆಯದೂ ಸೇರಿ, ಅವರು ಕೊಟ್ಟ, ಒಳಗಿನ ಮಟ್ಟ ಹೊರಗೆ ಕಾಣುವ ಬಿಳಿಯ ಕ್ಯಾನಿಗೆ. ಕ್ಯಾನು ತಣ್ಣಗಿರಬೇಕು. ಒಂದು ತೊಟ್ಟೂ ಹೊರಗೆ ಹೋಗಕೂಡದು.

ನಿನ್ನ ತಾಯಿಗೆ ಅದು ಪ್ರಾಣಸಂಕಟ. ಆಸ್ಪತ್ರೆಯಿಂದ ಮನೆಗೆ ಬರುವಾಗ ಆ ಖಾಲಿ ಕ್ಯಾನಿನ ಮೇಲೆ ಸೆರಗು ಹೊದಿಸಿಕೊಂಡಿದ್ದಳು. ನೋಡಿದವರು ಎಳೆಗೂಸೆಂದು ದಾರಿ ಬಿಟ್ಟರು. ಅದನ್ನು ಫ್ರಿಜ್ಜಿನಲ್ಲಿ ಇಡಬಹುದೆಂದು ಕೌಂಟರಿನಾಕೆ ಹೇಳಿದ್ದಳು. ಹಾಲಿನ ಪಕ್ಕದಲ್ಲಿ ಅದು ಕುಳಿತರೆ ಈ ಮನೆಯಲ್ಲಿ ತಾನು ಇನ್ನು ಹಾಲು ಮುಟ್ಟುವುದಿಲ್ಲವೆಂದು ಇವಳು ಹಟ ಹಿಡಿದಳು. ಕೊನೆಗೆ ಬಚ್ಚಲುಮನೆಯ ಮೂಲೆಯಲ್ಲಿ ಒಂದು ಬಕೀಟಿಗೆ ನೀರು, ಮಂಜುಗಡ್ಡೆ ಹಾಕಿ ಅದರೊಳಗೆ ಕ್ಯಾನನ್ನು ನಿಲ್ಲಿಸಿದೆವು. ಮಂಜುಗಡ್ಡೆ ನೋಡಿಕೊಳ್ಳುವ ಕೆಲಸ ನನ್ನದು.

ಅಷ್ಟಕ್ಕೆ ನಿಂತಿದ್ದರೆ ಈ ಪತ್ರ ಬರೆಯುವ ಅಗತ್ಯವಿರುತ್ತಿರಲಿಲ್ಲ.

ನನ್ನ ಉದ್ಯೋಗ ಯಾವುದಾಗಿತ್ತೆಂದು ನಿನಗೆ ಹೇಳಬೇಕೆ? ತೂಕ ಮತ್ತು ಅಳತೆಗಳ ಇಲಾಖೆಯ ಪರಿವೀಕ್ಷಕನಾಗಿ ಅಂಗಡಿಯ ತೂಕದ ಬಟ್ಟು, ಅಳತೆಯ ಕೊಳಗ, ಪಡಿ, ಪೆಟ್ರೋಲ್ ಪಂಪುಗಳನ್ನು ಪರೀಕ್ಷಿಸಿ ಮುದ್ರೆ ಒತ್ತಿದ ಕೈ ಇದು. ಎದುರಿಗೆ ಒಂದು ಪಾತ್ರೆ ತುಂಬುತ್ತಿರುವಾಗ ಎಷ್ಟಾಯಿತೆಂದು ನೋಡದೆ ಇರಲಾರದು. ಕ್ಯಾನಿನ ಮೈಗೆ ಒಂದು ಅಂಟುಪಟ್ಟಿ ಹಚ್ಚಿ, ಅವಳು ಪ್ರತಿಸಲ ಹೋಗಿಬಂದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಗುರುತು ಹಾಕುತ್ತ ಬಂದೆ. ಯಾರೂ ಕೇಳಿರಲಿಲ್ಲ. ಪ್ರಯೋಗಾಲಯಕ್ಕೂ ಬೇಕಿರಲಿಲ್ಲ. ನಿನ್ನ ತಾಯಿ ಬಾಗಿಲಿಗೆ ಒರಗಿ ನಿಂತು, "ಸೇರು ಸಾಹೇಬ್ರೇ, ಮುದ್ರೆನೂ ಒತ್ತಿಬಿಡಿ. ನಾಳೆ ನಾನು ಕಡಿಮೆ ಕೊಟ್ಟೆ ಅಂತ ಯಾರಾದ್ರೂ ದೂರು ಕೊಟ್ಟಾರು," ಎಂದಳು. ಮೂರು ತಿಂಗಳ ಮೇಲೆ ಅವಳು ಮಾಡಿದ ಮೊದಲ ತಮಾಷೆ ಅದು. ನನಗೆ ಹುರುಪು ಬಂದಿತು.

ಸೋಮವಾರ ಸಂಜೆ ಕೆಳಮನೆಯಾಕೆ ಯಾವುದೋ ಬಟ್ಟೆಯ ವಿಚಾರವಾಗಿ ಬಂದಳು. ಇಬ್ಬರೂ ಮೆಟ್ಟಿಲ ಮೇಲೆ ನಿಂತು ಮಾತಿಗೆ ಬಿದ್ದರು. ನಾನು ಮಂಜುಗಡ್ಡೆ ಬದಲಿಸಲು ಒಳಗೆ ಹೋದೆ. ಬಕೀಟಿನೊಳಗೆ ಬಗ್ಗಿ ಮೇಲಿನಿಂದ ನೋಡಿದರೆ ಮಟ್ಟ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಪಾತ್ರೆಯನ್ನು ಸಮವಾದ ಜಾಗದಲ್ಲಿಟ್ಟು, ಕಣ್ಣನ್ನು ದ್ರವದ ಮಟ್ಟಕ್ಕೇ ತಂದು ನೋಡಬೇಕೆಂಬುದು ನಮ್ಮ ಇಲಾಖೆಯ ಮೊದಲ ಪಾಠ. ಮಧ್ಯಾಹ್ನದ ಗೆರೆ ಸರಿಯಿಲ್ಲವೇನೋ ಎಂಬ ಅನುಮಾನ ಹುಟ್ಟಿತು. ಕ್ಯಾನನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಕಣ್ಣನ್ನು ಅದರ ಮಟ್ಟಕ್ಕೆ ತಂದೆ, ಗೆರೆ ಎಳೆದೆ. ಎಳೆದ ಗೆರೆ ನೇರವಾಗಿತ್ತು. ಮರಳಿ ಇಳಿಸುವಾಗ ಕ್ಯಾನು ಜಾರಿತು. ಮುಚ್ಚಳ ತಿರುಪಿನಲ್ಲಿ ಪೂರ್ತಿ ಕೂತಿರಲಿಲ್ಲ.

ಇಲ್ಲಿಯವರೆಗಿನದನ್ನು ಈಗ ಓದಿ ನೋಡಿದೆ. 'ಕ್ಯಾನು ಜಾರಿತು' ಎಂದಿದ್ದೇನೆ. ಕ್ಯಾನುಗಳು ತಾವಾಗಿ ಜಾರುವುದಿಲ್ಲ. ನಾನು ಬೀಳಿಸಿದೆ.

ಎತ್ತಿ ನಿಲ್ಲಿಸುವಷ್ಟರಲ್ಲಿ ಅರ್ಧ ಬಚ್ಚಲ ಕಿಂಡಿಯಲ್ಲಿ ಹರಿದುಹೋಗಿತ್ತು. ಹೊರಗೆ ಮೆಟ್ಟಿಲ ಮೇಲೆ ನಿನ್ನ ತಾಯಿಯ ನಗು ಕೇಳಿಸುತ್ತಿತ್ತು. ಬೆಳಗಿನಿಂದ ಅವಳು ನಾಚಿ, ಮುದುಡಿ, ಹೊರಗೆ ಕಾಲಿಡದೆ ಕೂಡಿಟ್ಟದ್ದು. ಹೇಳಿದರೆ ಎಲ್ಲವನ್ನೂ ಚೆಲ್ಲಿ ಮತ್ತೊಂದು ದಿನ ಅದೇ ಹಿಂಸೆ. ನನ್ನ ಕಣ್ಣಿಗೆ ಆಗ ಬಿದ್ದದ್ದು ಒಂದೇ: ಗೆರೆ ಮೇಲಿತ್ತು, ಮಟ್ಟ ಕೆಳಗಿತ್ತು. ಅಳತೆ ಕಡಿಮೆಯಾಗಿತ್ತು. ನನ್ನ ಕೈ ತಾನಾಗಿಯೇ... ಇಲ್ಲ, ಇದೂ 'ಜಾರಿತು' ಎಂಬಂಥದೇ ಮಾತು. ನಾನು ನಲ್ಲಿ ತಿರುಗಿಸಿ, ಚೊಂಬಿನಲ್ಲಿ ನೀರು ಹಿಡಿದು, ಕ್ಯಾನಿಗೆ ಸುರಿದೆ. ಗೆರೆಯವರೆಗೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ. ಆಮೇಲೆ ನೆಲ ಒರೆಸಿ, ಒರೆಸಿದ ಬಟ್ಟೆಯನ್ನು ಒಗೆದು ತಂತಿಯ ಮೇಲೆ ಹಾಕಿದೆ.

ನೀರು ಸೇರಿಸಿದರೆ ಪ್ರೋಟೀನು ಕಡಿಮೆ ಕಾಣುತ್ತದೆಂದು ನನಗೆ ತಿಳಿಯದೆ? ಅದಕ್ಕೊಂದು ಸಮಾಧಾನವನ್ನು ಅಲ್ಲೇ ನಿಂತು ಕಟ್ಟಿಕೊಂಡೆ. ಹಾಲಿಗೆ ನೀರು ಬೆರೆಸಿದ್ದನ್ನು ಹಿಡಿಯುವುದು ಬೇರೆ ಇಲಾಖೆ. ಅಳತೆ ಪೂರ್ತಿಯಿದೆಯೇ ಎಂಬುದಷ್ಟೇ ನನ್ನ ಇಲಾಖೆ. ಸೇವೆಯಲ್ಲಿದ್ದಾಗ ಈ ಮಾತನ್ನು ಎಷ್ಟು ಜನರ ಮುಂದೆ ಆಡಿದ್ದೆನೋ! ಬಚ್ಚಲುಮನೆಯಲ್ಲಿ ನನಗೆ ನಾನೇ ಆಡಿಕೊಂಡದ್ದು ಅದೇ ಮೊದಲು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ನೀನು ಮಕ್ಕಳಿಗೆ ಹೇಳಿಕೊಡುತ್ತೀಯಲ್ಲವೆ, ಬೇಲಿ ನೋಡಬೇಕೆಂದರೆ ಇಲ್ಲಿದೆ.

ಗುರುವಾರ ವೈದ್ಯೆ ಫಲಿತಾಂಶ ನೋಡಿದರು. ಪ್ರೋಟೀನು ಮೂರರಲ್ಲಿ ಒಂದು ಪಾಲು ಇಳಿದಿತ್ತು. ಅವರ ಮುಖ ಅರಳಿತು, ಮರುಕ್ಷಣ ಹುಬ್ಬು ಕೂಡಿತು. ಇಡೀ ದಿನದ್ದು ಸೇರಿದೆಯೇ ಎಂದು ತೋರಿಸುವ ಇನ್ನೊಂದು ಅಂಕಿ ಯಾಕೋ ನಿರೀಕ್ಷೆಗಿಂತ ಕಡಿಮೆಯಿದೆ, ಪೂರ್ತಿ ಸಂಗ್ರಹವಾಗಿತ್ತೆ, ಎಲ್ಲಿಯೂ ಚೆಲ್ಲಿಲ್ಲವಷ್ಟೆ, ಎಂದು ನೇರವಾಗಿ ನನ್ನನ್ನೇ ಕೇಳಿದರು. ಬಾಗಿಲು ತೆರೆದೇ ಇತ್ತು, ಮಗಳೇ. ಒಳಗೆ ಕಾಲಿಡಬೇಕಿತ್ತಷ್ಟೆ. "ಒಂದು ತೊಟ್ಟೂ ಹೋಗಿಲ್ಲ," ಎಂದೆ. ನಿನ್ನ ತಾಯಿ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ವೈದ್ಯೆ ನಕ್ಕು, ನೀವು ನೋಡಿಕೊಂಡಿದ್ದರೆ ಸರಿಯಾಗಿಯೇ ಇರುತ್ತದೆ ಎಂದು, ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು.

ಮರುದಿನ ನಿನಗೆ ಪತ್ರ ಬರೆದೆ. ಅಮ್ಮ ಗುಣಮುಖಳಾಗುತ್ತಿದ್ದಾಳೆ, ಊತ ಇಳಿಯುತ್ತಿದೆ, ರಜೆ ಹಾಕಿ ಓಡಿ ಬರಬೇಡ, ಮಕ್ಕಳ ಪರೀಕ್ಷೆ ಮುಗಿಸಿಕೊಂಡು ಬಂದರೆ ಸಾಕು ಎಂದೆ. ನೀನು ಮಂಜೂರಾದ ರಜೆಯನ್ನು ರದ್ದು ಮಾಡಿಸಿದೆ.

ಆಮೇಲಾದರೂ ಏಕೆ ಹೇಳಲಿಲ್ಲವೆಂದು ಕೇಳುತ್ತೀಯೆ. ಆ ಮಾತ್ರೆ ಅವಳ ಕೈಗೆ ನಡುಕ ತಂದಿತ್ತಲ್ಲವೆ? ಸೂಜಿಗೆ ದಾರ ಪೋಣಿಸಲಾಗದೆ ಯಂತ್ರಕ್ಕೆ ಹೊದಿಕೆ ಹಾಕಿಬಿಟ್ಟಿದ್ದಳು. ಭಾನುವಾರ ಬೆಳಗ್ಗೆ ನಾನು ಪತ್ರಿಕೆ ಓದುತ್ತಿರುವಾಗ ಆ ಯಂತ್ರದ ಸದ್ದು ಕೇಳಿಸಿತು. ನಿನ್ನ ಮಗಳಿಗೆ ಫ್ರಾಕು ಹೊಲಿಯುತ್ತಿದ್ದಳು. ಕಣ್ಣು ಕಿರಿದು ಮಾಡಿ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆಮಾಡಿ, ಒಂದೇ ಸಲಕ್ಕೆ ಪೋಣಿಸಿದಳು. ಪೋಣಿಸಿ, ನೋಡಿದಿರಾ ಎಂಬಂತೆ ನನ್ನ ಕಡೆ ತಿರುಗಿದಳು. ಆ ಮುಖ ನೋಡಿ ಭೇಷ್ ಎಂದೆ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಸೋಮವಾರದಿಂದ ಪಾದ ಮತ್ತೆ ಊದತೊಡಗಿತು. ಬಹಳ ಹೊತ್ತು ಕುಳಿತು ಹೊಲಿದದ್ದಕ್ಕೆ ಎಂದಳು. ಬುಧವಾರ ಬೆಳಗ್ಗೆ ಕಣ್ಣಿನ ಸುತ್ತಲೂ ಬಂದಿತು. ನಿದ್ದೆ ಸಾಲದ್ದಕ್ಕೆ ಎಂದಳು. ಇಂದು ಚಪ್ಪಲಿಯ ಪಟ್ಟಿಯೊಳಗೆ ಕಾಲು ಹೋಗಲಿಲ್ಲ. ಅವಳು ಚಪ್ಪಲಿಯನ್ನು ಗೋಡೆಯ ಕಡೆಗೆ ಸರಿಸಿ ಬರಿಗಾಲಿನಲ್ಲಿ ಒಳಗೆ ಬಂದಳು. ಯಂತ್ರದ ಸದ್ದು ಬೆಳಗಿನಿಂದ ಕೇಳಿಸಿಲ್ಲ. ಬೆರಳಿಟ್ಟು ಒತ್ತಿದರೆ ಅವಳ ಮೊಣಕಾಲ ಕೆಳಗೆ ಗುಳಿ ಬೀಳುತ್ತದೆ, ಮಗಳೇ. ಆ ಗುಳಿ ಮತ್ತೆ ತುಂಬಿಕೊಳ್ಳುವುದನ್ನೇ ಕಾಯುತ್ತ ಕುಳಿತಿರುತ್ತೇನೆ.

ಈಗ ಎದ್ದು ವೈದ್ಯೆಯ ಬಳಿಗೆ ಹೋಗುತ್ತಿದ್ದೇನೆ. ನಿನ್ನ ತಾಯಿಗೆ ಕನ್ನಡಕದ ತಿರುಪು ಬಿಗಿಸಿಕೊಂಡು ಬರುತ್ತೇನೆಂದು ಹೇಳುವೆ. ವೈದ್ಯೆ ಬೈಯಲಿ, ಏನಾದರೂ ಮಾಡಲಿ. ಇವಳಿಗೆ ಹೇಗೆ ಹೇಳಬೇಕೆಂಬುದನ್ನು ಆಮೇಲೆ ಯೋಚಿಸುತ್ತೇನೆ. ಹೋಗಿಬಂದು ಮುಂದಿನದನ್ನು ಬರೆಯುತ್ತೇನೆ.

ಅದೇ ದಿನ, ಸಂಜೆ

ಒಬ್ಬನೇ ಹೋಗಲಾಗಲಿಲ್ಲ. ಹೊಸ್ತಿಲು ದಾಟುವಾಗ ಅವಳು ಹಿಂದಿನಿಂದ, "ಕನ್ನಡಕದ ಅಂಗಡಿಗೆ ನನ್ನ ಫೈಲು ಯಾಕ್ರೀ?" ಎಂದಳು. ಆಸ್ಪತ್ರೆಯ ಕಡತ ನನ್ನ ಕಂಕುಳಲ್ಲೇ ಇತ್ತು. ಇದ್ದದ್ದು ನನಗೇ ತಿಳಿದಿರಲಿಲ್ಲ. ಅದನ್ನು ಇನ್ನೊಂದು ಕೈಗೆ ಬದಲಿಸುವಷ್ಟರಲ್ಲಿ ಅವಳು ನನ್ನ ಹಳೆಯ ಚಪ್ಪಲಿಯನ್ನು ಮೆಟ್ಟಿಕೊಂಡು ಹೊರಗೆ ಬಂದಳು.

ವೈದ್ಯೆಯ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂರುವ ಮೊದಲೇ ಹೇಳಿಬಿಟ್ಟೆ. ಕೂತರೆ ಮತ್ತೆ ನಾಳೆಗೆ ಮುಂದೂಡಿಯೇನೆಂಬ ಭಯ. ಚೆಲ್ಲಿದ್ದು, ತುಂಬಿಸಿದ್ದು, ಕೇಳಿದಾಗ ಸುಳ್ಳು ಹೇಳಿದ್ದು, ಮೂರನ್ನೂ ಒಂದೇ ಉಸಿರಿಗೆ. ನಿನ್ನ ತಾಯಿಯ ಕಡೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ವೈದ್ಯೆ ಲೇಖನಿ ಕೆಳಗಿಟ್ಟರು. ನಿನಗಿಂತ ಕಿರಿಯರು; ಬೈಯಲು ಕೂಡ ಸಂಕೋಚಪಟ್ಟಂತೆ ಕಂಡರು. ಎಷ್ಟು ಚೆಲ್ಲಿತ್ತೆಂದು ಕೇಳಿದರು. ಗೆರೆಗಳ ಲೆಕ್ಕ ನನಗೆ ಬಾಯಿಪಾಠವಾಗಿತ್ತು, ಹೇಳಿದೆ. ಒಂದು ಚೀಟಿಯ ಹಿಂದೆ ಕೂಡಿ ಕಳೆದು ನೋಡಿದರು. ಚೆಲ್ಲಿದ ಪಾಲನ್ನು ಸೇರಿಸಿಕೊಂಡರೆ ಪ್ರೋಟೀನು ಇಳಿದೇ ಇಲ್ಲವೆಂಬಂತೆ ಕಾಣುತ್ತದೆ ಎಂದರು. ಮಾತ್ರೆ ನಾಟಿರಲಿಲ್ಲ. ನಾಟದ ಮಾತ್ರೆಯನ್ನು, ನಾಟಿತೆಂದು ತಿಳಿದು, ಅರ್ಧಕ್ಕೆ ಇಳಿಸಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: "ಚೆಲ್ಲಿತು ಅಂತ ಒಂದು ಮಾತು ಅಂದಿದ್ರೆ ಆ ಕ್ಯಾನು ಬಿಸಾಕಿ ಇನ್ನೊಂದು ಕೊಡ್ತಿದ್ವಿ, ಸರ್. ಅಷ್ಟೇ ಇತ್ತು."

ಅಷ್ಟೇ ಇತ್ತು. ಮನೆಗೆ ಬಂದ ಮೇಲೂ ಆ ಎರಡು ಪದಗಳು ಕಿವಿಯಲ್ಲಿ ಕುಳಿತಿವೆ.

ಮಾತ್ರೆ ಇಂದಿನಿಂದ ಮೊದಲಿನಷ್ಟೇ. ರಕ್ತ ತೆಗೆದುಕೊಂಡಿದ್ದಾರೆ, ನಾಳೆ ಮಧ್ಯಾಹ್ನ ತಿಳಿಯುತ್ತದೆ. ಮೂತ್ರಪಿಂಡಕ್ಕೆ ಈ ವಾರದಲ್ಲಿ ಎಷ್ಟು ಪೆಟ್ಟು ಬಿದ್ದಿದೆ, ಬಿದ್ದಿದೆಯೋ ಇಲ್ಲವೋ, ಈಗಲೇ ಹೇಳಲಾರೆನೆಂದರು. ಹೊಸ ಕ್ಯಾನು ಕೊಟ್ಟಿದ್ದಾರೆ. ಅದರ ಫಲಿತಾಂಶವೂ ಹೀಗೆಯೇ ಬಂದರೆ ಆಸ್ಪತ್ರೆಗೆ ಸೇರಿಸಿಕೊಂಡು, ಬೆನ್ನಿನ ಕಡೆಯಿಂದ ಸೂಜಿ ಹಾಕಿ ಮೂತ್ರಪಿಂಡದ ಒಂದು ಚೂರನ್ನು ತೆಗೆದು ನೋಡಬೇಕಾಗುತ್ತದಂತೆ. ಆ ದಿನ ಮನೆಯವರು ಇರಬೇಕು, ಒಬ್ಬರಿಗಿಂತ ಹೆಚ್ಚು ಜನರಿದ್ದರೆ ಒಳ್ಳೆಯದು ಎಂದರು. ನನ್ನನ್ನು ನೋಡಿಯೇ ಹಾಗೆಂದರೆಂದು ತೋರುತ್ತದೆ.

ನೀನು ಕೋಪಿಸಿಕೊಳ್ಳಬೇಕು. ಕೋಪವನ್ನು ನುಂಗಿಕೊಂಡು ಸಮಾಧಾನದ ಮಾತು ಬರೆಯಬೇಡ. ನನಗೆ ಅದು ಸಹಿಸಲಾಗದು. ಅಪ್ಪ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆ ನೀನು ಅಲ್ಲಿ ನಿಶ್ಚಿಂತಳಾಗಿದ್ದೆ. ಆ ನಂಬಿಕೆಗೂ ನಾನು ನೀರು ಬೆರೆಸಿದೆ. ಚಾಲಕರು ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದಾರೆ. ಮಗುವಿನ ಫ್ರಾಕನ್ನೂ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಒಂದು ತೋಳು ಇನ್ನೂ ಹೊಲಿಯಬೇಕಿತ್ತಂತೆ, ಹಾಗೆಯೇ ಕೊಟ್ಟುಬಿಡಿ ಎಂದಳು.

ಇನ್ನು ಯಾರ ಪತ್ರವನ್ನೂ ತಿದ್ದಲಾರದ,
ನಿನ್ನ ಅಪ್ಪ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಹಿಂದಿರುಗುವಾಗ ಆಟೋದಲ್ಲಿ ನಡೆದದ್ದನ್ನು ಬಿಟ್ಟುಬಿಟ್ಟಿದ್ದೆ. ಬಿಟ್ಟರೆ ಈ ಪತ್ರವೂ ಕಡಿಮೆ ಅಳತೆಯದಾಗುತ್ತದೆ. ಹೊಸ ಕ್ಯಾನನ್ನು ಅವಳು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಈ ಸಲ ಸೆರಗು ಹೊದಿಸಿರಲಿಲ್ಲ. ನಾನು ಕ್ಷಮಿಸು ಎನ್ನಲು ಹೊರಟೆ. ಅವಳು ರಸ್ತೆಯನ್ನೇ ನೋಡುತ್ತ ಹೇಳಿದಳು: "ಸುಮ್ನಿರಿ. ಅವತ್ತು ಸಂಜೆ ತಂತಿ ಮೇಲೆ ಒರೆಸೋ ಬಟ್ಟೆ ನೋಡಿದೆ. ನೀವು ಈ ಜನ್ಮದಲ್ಲಿ ಒಂದು ಕರವಸ್ತ್ರಾನೂ ಒಗೆದವರಲ್ಲ. ಒಳಗೆ ಹೋಗಿ ನೋಡಿದ್ರೆ ಕ್ಯಾನಲ್ಲಿರೋದು ಬೆಳ್ಳಗಾಗಿತ್ತು. ಡಾಕ್ಟ್ರು ಕೇಳಿದಾಗ ನಾನೂ ಬಾಯಿ ಬಿಡಬಹುದಿತ್ತು, ಬಿಡ್ಲಿಲ್ಲ. ಮಾತ್ರೆ ಕಮ್ಮಿ ಮಾಡ್ತೀನಿ ಅಂದ್ರು ನೋಡಿ... ಒಂದು ವಾರ ಸೂಜಿಗೆ ದಾರ ಪೋಣಿಸಿದ್ರೆ ಸಾಕು ಅನ್ನಿಸ್ತು ರೀ."

ನಾವಿಬ್ಬರೂ ಒಬ್ಬರಿಗೊಬ್ಬರು ಕಾವಲಾಗಿದ್ದರೆ ಕೆಲಸ ಕೆಡುತ್ತದೆಂದು ಈಗ ಇಬ್ಬರಿಗೂ ಗೊತ್ತಾಗಿದೆ. ಆದುದರಿಂದ ತಾರೀಖುಗಳನ್ನು ಹೀಗೆ ತಿದ್ದಿಕೊಂಡು ಓದು:

ಕ್ಯಾನನ್ನು ಒಪ್ಪಿಸಿದ್ದು: 'ಆರು, ಸೋಮವಾರ' ಎಂದಿದ್ದೆ. ಸರಿ: ಆರು, ಮಂಗಳವಾರ.

ಊತ ಇಳಿಯತೊಡಗಿದ್ದು: 'ಎಂಟರಿಂದ' ಎಂದಿದ್ದೆ. ಸರಿ: ಇಳಿಯಲೇ ಇಲ್ಲ, ಹನ್ನೆರಡರಿಂದ ಏರುತ್ತಿದೆ.

ನಿನ್ನ ತಾಯಿಗೆ ವಿಷಯ ತಿಳಿದದ್ದು: ಇಂದು ಬೆಳಗ್ಗೆ 'ಇನ್ನೂ ಏನೂ ತಿಳಿದಿಲ್ಲ' ಎಂದು ಬರೆದೆ. ಸರಿ: ಐದು, ಸೋಮವಾರ, ಸಂಜೆ.

ಮತ್ತೆ ಸಂಗ್ರಹ: ಹತ್ತೊಂಬತ್ತು, ಸೋಮವಾರ ಬೆಳಗಿನಿಂದ ಇಪ್ಪತ್ತು, ಮಂಗಳವಾರ ಬೆಳಗಿನವರೆಗೆ. ಫ್ರಿಜ್ಜಿನಲ್ಲಿ, ಹಾಲಿನ ಪಕ್ಕದಲ್ಲೇ.

ನೀನು ಬರುವುದು: 'ಪರೀಕ್ಷೆಗಳು ಮುಗಿದ ಮೇಲೆ' ಎಂದಿದ್ದೆ. ಸರಿ: ಹದಿನೆಂಟು, ಭಾನುವಾರ.